ಓದುಗರ ಪ್ರಶ್ನೆ: ಡ್ಯಾನ್ಯೂಬ್ ದಂಡೆಯಲ್ಲಿ ಏಳು ದಿನ ಸೈಕಲ್

ಹೋದ ಸಂಚಿಕೆಯಲ್ಲಿ ಜರ್ಮನಿಯ ಪಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಪಕ್ಕದಲ್ಲೇ ಸೈಕಲ್ ತುಳಿದ ಬಗ್ಗೆ ಎರಡೇ ಪ್ಯಾರಾ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳು ಮಾತ್ರ ರಾಶಿ ಇವೆ. ಜಾಸ್ತಿ ಜನ ಕೇಳಿದ್ದನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರ: ಮಗ ಮ್ಯೂನಿಕ್‌ನಲ್ಲಿದ್ದಾನೆ. ನನಗೆ 52, ನಮ್ಮ ಯಜಮಾನರಿಗೆ 58. ಕಾಲೇಜು ಬಿಟ್ಟ ಮೇಲೆ ನಾನು ಸೈಕಲ್ ಮುಟ್ಟಿಲ್ಲ. ನಮ್ಮ ಕೈಲಿ ಆಗುತ್ತಾ ಸರ್? ನಿಜವಾಗಿಯೂ ಕಾರು, ಬಸ್ಸು ಇರಲ್ವಾ? (ಶಿವಮೊಗ್ಗ)

ಉ: ಆಗುತ್ತೆ ಮೇಡಂ. ಪಸಾವ್ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ, ವಿಯೆನ್ನಾ 160ರ ಆಸುಪಾಸು. ನಡುವೆ ಸುಮಾರು 320 ಕಿಲೋಮೀಟರ್ ದಾರಿ. ಅಂದರೆ ಒಂದು ಕಿಲೋಮೀಟರಿಗೆ ಅರ್ಧ ಮೀಟರೂ ಇಳಿಯಲ್ಲ. ನದಿ ಇಳೀತಾ ಹೋಗುತ್ತೆ ಅಂತ ನೀವು ಪೆಡಲ್ ನಿಲ್ಲಿಸಿದರೆ ಸೈಕಲ್ಲೂ ಮರ್ಯಾದೆಯಿಂದ ನಿಂತುಬಿಡುತ್ತೆ. ಆದರೆ ಏರು ಅನ್ನುವುದೂ ಇಲ್ಲವೇ ಇಲ್ಲ ಅನ್ನಬಹುದು. ಒಂದು ವಾರ ಇಟ್ಟುಕೊಳ್ಳಿ. ಶ್ಲೋಗೆನ್, ಲಿಂಜ್, ಗ್ರೈನ್, ಮೆಲ್ಕ್, ಕ್ರೆಮ್ಸ್, ಟುಲ್ನ್, ಆಮೇಲೆ ವಿಯೆನ್ನಾ. ದಿನಕ್ಕೆ ಸರಾಸರಿ 45 ಕಿಲೋಮೀಟರ್ ಆಗುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು, ಅಲ್ಲಲ್ಲಿ ಕಾಫಿ ಕುಡಿದು, ಊರು ನೋಡಿಕೊಂಡು ಹೋದರೂ ನಾಲ್ಕು ಗಂಟೆಗೆ ತಲುಪಿರ್ತೀರಿ.

ವಾಹನದ ವಿಷಯ ಇದ್ದ ಹಾಗೆ ಹೇಳ್ತೀನಿ. ಬಹುಪಾಲು ದಾರಿ ಸೈಕಲ್‌ನವರಿಗೇ ಬಿಟ್ಟದ್ದು. ಕೆಲವು ಊರುಗಳ ಒಳಗೆ, ದ್ರಾಕ್ಷಿ ತೋಟಗಳ ನಡುವೆ ಸಣ್ಣ ರಸ್ತೆಗೆ ಸೇರುತ್ತೆ. ಅಲ್ಲಿ ಆಗೊಂದು ಈಗೊಂದು ಕಾರು, ತೋಟದ ಟ್ರ್ಯಾಕ್ಟರು ಸಿಗುತ್ತವೆ. ಹಿಂದಿನಿಂದ ಹಾರ್ನ್ ಹೊಡೆಯಲ್ಲ, ನಿಮ್ಮ ಹಿಂದೆಯೇ ನಿಧಾನಕ್ಕೆ ಬರ್ತಿರ್ತಾರೆ. ಮೊದಲ ದಿನ ಅದೇ ನನಗೆ ಗಾಬರಿ, ಯಾಕಪ್ಪಾ ಹಿಂಬಾಲಿಸ್ತಿದ್ದಾನೆ ಅಂತ!

ಕಾಲಿಗಿಂತ ಕೂರುವ ಜಾಗದ್ದೇ ಚಿಂತೆ. ಎರಡು ತಿಂಗಳು ಮುಂಚೆಯೇ ಊರಲ್ಲಿ ದಿನ ಬಿಟ್ಟು ದಿನ ಹದಿನೈದು, ಇಪ್ಪತ್ತು ಕಿಲೋಮೀಟರ್ ತುಳಿಯಿರಿ. ಪ್ಯಾಡ್ ಇರುವ ಸೈಕಲ್ ಚಡ್ಡಿ ತಗೊಳ್ಳಿ, ಅದರ ಮೇಲೆ ಬೇಕಾದರೆ ಸಡಿಲ ಪ್ಯಾಂಟ್ ಹಾಕಿ. ಚೂಡಿದಾರದ ದುಪಟ್ಟಾ ಮಾತ್ರ ಬ್ಯಾಗಿನಲ್ಲೇ ಇರಲಿ, ಚೈನಿಗೆ ಸಿಕ್ಕಿಕೊಳ್ಳುತ್ತೆ.

ವೀಸಾ ಬಗ್ಗೆ ಒಂದು ಮಾತು. ಎರಡೂ ಷೆಂಗೆನ್ ದೇಶಗಳೇ, ಒಂದೇ ವೀಸಾ ಸಾಕು. ಆದರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು. ಮಗನ ಮನೆಯ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿ.

ಪ್ರ: ಪಶ್ಚಿಮದಿಂದ ಪೂರ್ವಕ್ಕೇ ಯಾಕೆ ಹೋಗಬೇಕು? ವಿಯೆನ್ನಾಗೆ ನೇರ ವಿಮಾನದಲ್ಲಿ ಇಳಿದು ಉಲ್ಟಾ ಬರಬಾರದಾ? (ಮೈಸೂರು)

ಉ: ಬರಬಹುದು, ಗಾಳಿ ಬಿಡಬೇಕಷ್ಟೆ. ಅಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದಲೇ ಬೀಸುತ್ತೆ. ಪಸಾವ್‌ನಿಂದ ಹೊರಟರೆ ಬೆನ್ನು ತಳ್ಳಿಕೊಂಡು ಬರುತ್ತೆ. ಆದರೂ ಟುಲ್ನ್ ಹತ್ತಿರದ ಬಯಲಿನಲ್ಲಿ ನನಗೆ ಒಂದು ದಿನ ಪೂರ್ತಿ ಎದುರುಗಾಳಿ ಸಿಕ್ಕಿತು. ಒಂದು ಮರದ ಮರೆಯೂ ಇಲ್ಲದ ಕಡೆ ಎರಡನೇ ಗೇರಿನಲ್ಲಿ ತುಳೀತಾ, ಇದಕ್ಕಿಂತ ಆಗುಂಬೆ ಹತ್ತಬಹುದಿತ್ತು ಅನ್ನಿಸಿತು. ಸಪಾಟು ನೆಲದಲ್ಲಿ ಗಾಳಿಯೇ ಘಾಟಿ.

ಪ್ರ: ದಂಡೆಯಲ್ಲಿ ನಂಬರ್ ಬರೆದ ಫಲಕಗಳು ಇದ್ದವು ಅಂತ ಬರೆದಿದ್ದಿರಿ. ಏನವು? (ಬೆಳಗಾವಿ)

ಉ: ನದಿಯ ಕಿಲೋಮೀಟರ್ ಕಲ್ಲು ಅಂದುಕೊಳ್ಳಿ. ತಮಾಷೆ ಏನೆಂದರೆ ಡ್ಯಾನ್ಯೂಬನ್ನು ಹುಟ್ಟಿದ ಕಡೆಯಿಂದ ಅಳೆಯಲ್ಲ, ಕಪ್ಪು ಸಮುದ್ರ ಸೇರುವ ಸುಲಿನಾದಿಂದ ಮೇಲಕ್ಕೆ ಅಳೀತಾರೆ. ಹಾಗಾಗಿ ಪಸಾವ್ ಹತ್ತಿರ 2,225ರ ಆಸುಪಾಸು ಇರುವ ಸಂಖ್ಯೆ ನಾವು ಹೋದ ಹಾಗೆ ಇಳೀತಾ ಬಂದು ವಿಯೆನ್ನಾದಲ್ಲಿ 1,929 ಆಗುತ್ತೆ. ವಾರವಿಡೀ ತುಳಿದು ಮುನ್ನೂರರಷ್ಟು ಇಳಿಸಿದೆ ಅಂತ ಖುಷಿಪಟ್ಟೆ, ಇನ್ನೂ ಎಷ್ಟು ಬಾಕಿ ಇದೆ ಅಂತ ನೋಡಿ ಸುಮ್ನಾದೆ.

ಪ್ರ: ನದಿ ಪಕ್ಕದಲ್ಲಿ ಅಷ್ಟು ಉದ್ದಕ್ಕೆ ಬರೀ ಸೈಕಲ್‌ಗೆ ಅಂತ ರಸ್ತೆ ಮಾಡಿದ್ದಾರೆ ಅಂದರೆ ಅವರಿಗೆ ದುಡ್ಡು ಹೆಚ್ಚಾಗಿದೆ ಅಂತ ಅಲ್ವಾ? (ದಾವಣಗೆರೆ)

ಉ: ಈ ಪ್ರಶ್ನೆಗಾಗಿಯೇ ಕಾಯ್ತಿದ್ದೆ. ಸೈಕಲ್‌ಗೆ ಅಂತ ಯಾರೂ ಮೊದಲು ಮಾಡಿದ್ದಲ್ಲ ಸರ್. ಉಗಿ ಹಡಗು ಬರುವ ಮುಂಚೆ ಸರಕಿನ ದೋಣಿಗಳು ನೀರಿನ ಜತೆ ಕೆಳಗೆ ಹೋಗೋದು ಸುಲಭವಿತ್ತು, ಮೇಲಕ್ಕೆ ಬರಬೇಕಾದರೆ ದಂಡೆಯ ಮೇಲೆ ಕುದುರೆಗಳನ್ನು ಕಟ್ಟಿ ಹಗ್ಗದಲ್ಲಿ ಎಳೆಸಬೇಕಿತ್ತು. ಆ ಕುದುರೆಗಳು ನಡೆಯೋಕೆ ನೀರಿನ ಅಂಚಿನಲ್ಲೇ ಮಟ್ಟಸವಾದ ದಾರಿ ಬೇಕಲ್ಲ, ಅದೇ ಟ್ರೆಪ್ಪೆಲ್‌ವೆಗ್. 1830ರಲ್ಲಿ ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಉಗಿ ಹಡಗು ಹೊರಟಿತು, ಕ್ರಮೇಣ ಕುದುರೆಗಳಿಗೆ ಕೆಲಸ ಹೋಯಿತು, ದಾರಿ ಉಳಿಯಿತು.

ಆಮೇಲೆ ವಿದ್ಯುತ್ ಕಟ್ಟೆಗಳು ಬಂದವು. ಯೋಖೆನ್‌ಸ್ಟೈನ್ 1956, ಇಬ್ಸ್-ಪೆರ್ಸೆನ್‌ಬಾಯ್ಗ್ 1959, ಆಶಾಖ್ 1964. ಕಟ್ಟೆಯ ಹಿಂದೆ ನೀರು ಏರಿದ ಕಡೆ ಉದ್ದಕ್ಕೂ ಏರಿ ಹಾಕಿದರು, ಏರಿ ನೋಡಿಕೊಳ್ಳುವವರ ಗಾಡಿ ಓಡಾಡೋಕೆ ಅದರ ಮೇಲೆ ರಸ್ತೆ ಮಾಡಿದರು. ಕುದುರೆ ದಾರಿ, ಏರಿ ರಸ್ತೆ, ಇವೆರಡನ್ನೂ ಕೂಡಿಸಿಕೊಂಡೇ ಇವತ್ತಿನ ಸೈಕಲ್ ದಾರಿ ಆಗಿದೆ. ಕೆಲವು ಕಟ್ಟೆಗಳ ಮೇಲೇ ನಾವು ಆ ದಂಡೆಯಿಂದ ಈ ದಂಡೆಗೆ ದಾಟುತ್ತೇವೆ, ಕೆಳಗೆ ಟರ್ಬೈನ್ ಗುಂಯ್ ಅಂತಿರುತ್ತೆ.

ಹೀಗಾಗಿ ಬಹಳ ಕಡೆ ಡ್ಯಾನ್ಯೂಬ್ ನದಿಯಂತೆ ಕಾಣಲ್ಲ, ಕೆರೆಯಂತೆ ನಿಂತಿರುತ್ತೆ. ನೀರು ನಿಜವಾಗಿ ಹರಿಯೋದು ನೋಡಬೇಕೆಂದರೆ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಖಾವ್ ಕಣಿವೆಗೇ ಬರಬೇಕು. ಅಲ್ಲಿ ಕಟ್ಟೆ ಇಲ್ಲ. ಎರಡೂ ಕಡೆ ಗುಡ್ಡ, ಗುಡ್ಡಕ್ಕೆ ಕಲ್ಲು ಪೇರಿಸಿ ಮೆಟ್ಟಿಲು ಮಾಡಿದ ದ್ರಾಕ್ಷಿ ತೋಟ, ಕೆಳಗೆ ಜರ್ದಾಳು ಮರಗಳು. 2000ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರ ಕೊನೆಯಲ್ಲಿ ಕೂಡಿಹಾಕಿದ್ದ ಡ್ಯೂರ್ನ್‌ಸ್ಟೈನ್ ಕೋಟೆಯ ಅವಶೇಷ ಮೇಲೆ ಕಾಣುತ್ತೆ. ನಾನು ಹತ್ತಲಿಲ್ಲ, ಕೆಳಗೆ ಕೂತು ಜರ್ದಾಳು ತಿಂದೆ.

ಹತ್ತಲೇಬೇಕಾದದ್ದು ಬೇರೆ ಇದೆ. ಲಿಂಜ್ ದಾಟಿದ ಮೇಲೆ ಮೌಟ್‌ಹೌಸೆನ್ ಬರುತ್ತೆ. ನಾಜಿಗಳು 1938ರಲ್ಲಿ ಗ್ರಾನೈಟ್ ಕ್ವಾರಿ ಪಕ್ಕದಲ್ಲೇ ತೆರೆದ ಯಾತನಾ ಶಿಬಿರ ಅಲ್ಲಿದೆ. ಕೈದಿಗಳಿಂದ ಕಲ್ಲು ಹೊರಿಸುತ್ತಿದ್ದ 186 ಮೆಟ್ಟಿಲುಗಳಿವೆ. ನದಿಯಿಂದ ಮೇಲಕ್ಕೆ ಕಡಿದಾದ ಏರು, ಸೈಕಲ್ ತಳ್ಳಿಕೊಂಡೇ ಹೋದೆ. ವಾಪಸ್ ಇಳಿದ ಮೇಲೆ ಅವತ್ತು ಜತೆಯಲ್ಲಿದ್ದವರು ಯಾರೂ ಹೆಚ್ಚು ಮಾತಾಡಲಿಲ್ಲ.

ಪ್ರ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು? (ಬೆಂಗಳೂರು)

ಉ: ಉಪವಾಸ ಇರಲ್ಲ, ಆದರೆ ಕೇಳಿ ತಿನ್ನಬೇಕು. ಫ್ರಿಟಾಟೆನ್ ಅನ್ನುವ ಒಂದು ಸೂಪ್ ಬರುತ್ತೆ. ನೋಡಿದರೆ ನಮ್ಮ ದೋಸೆಯನ್ನೇ ಸಣ್ಣಗೆ ಶಾವಿಗೆ ಥರ ಹೆಚ್ಚಿ ತಿಳಿಸಾರಿನಲ್ಲಿ ತೇಲಿಬಿಟ್ಟ ಹಾಗಿರುತ್ತೆ, ಮೇಲೆ ಚೂರು ಸೊಪ್ಪು. ಅಯ್ಯೋ ಎಷ್ಟು ಚೆನ್ನಾಗಿದೆ ಅಂತ ಚಮಚ ಎತ್ತಬೇಡಿ, ಆ ತಿಳಿ ಸಾಮಾನ್ಯವಾಗಿ ದನದ ಮಾಂಸ ಬೇಯಿಸಿದ ನೀರು. ದೋಸೆಯಲ್ಲೂ ಮೊಟ್ಟೆ ಇರುತ್ತೆ. ಚೀಸ್ ಹಾಕಿದ ಸ್ಪೆಟ್ಸ್‌ಲೆ (ಹಿಟ್ಟಿನ ಸಣ್ಣ ನೂಡಲ್ಸ್), ಜರ್ದಾಳು ಒಳಗಿಟ್ಟು ಬೇಯಿಸಿದ ಕಡುಬು (ಮರಿಲ್ಲೆನ್‌ಕ್ನೂಡೆಲ್ ಅಂತಾರೆ), ಬ್ರೆಡ್ಡು, ಸಲಾಡು ಸಿಗುತ್ತೆ. ಮೊಟ್ಟೆಯೂ ಆಗದವರು ಕಡುಬು, ಸ್ಪೆಟ್ಸ್‌ಲೆ ಎರಡಕ್ಕೂ ಮುಂಚೆ ವಿಚಾರಿಸಿ. ಭಾನುವಾರ ಆಸ್ಟ್ರಿಯಾದಲ್ಲಿ ಸೂಪರ್‌ಮಾರ್ಕೆಟ್ ಬಾಗಿಲು ಹಾಕಿರುತ್ತೆ, ದೊಡ್ಡ ರೈಲು ನಿಲ್ದಾಣದ ಅಂಗಡಿ ಬಿಟ್ಟರೆ ಕಷ್ಟ. ಶನಿವಾರ ಸಂಜೆಯೇ ಹಣ್ಣು, ಬ್ರೆಡ್ಡು ಕೊಂಡಿಡಿ. ಅವಲಕ್ಕಿ, ಚಟ್ನಿಪುಡಿ ನಾನು ಒಯ್ದಿದ್ದೆ, ನಾಚಿಕೆ ಏನೂ ಇಲ್ಲ.

ಪ್ರ: ಸೈಕಲ್ ಇಲ್ಲಿಂದಲೇ ಒಯ್ಯಬೇಕಾ? ಬ್ಯಾಟರಿ ಸೈಕಲ್ ಒಳ್ಳೇದಾ? (ಹುಬ್ಬಳ್ಳಿ)

ಉ: ಒಯ್ಯೋದು ಬೇಡ್ರಿ. ಪಸಾವ್‌ನಲ್ಲಿ ಬಾಡಿಗೆಗೆ ತಗೊಂಡು ವಿಯೆನ್ನಾದಲ್ಲಿ ಬಿಟ್ಟು ಬರುವ ವ್ಯವಸ್ಥೆ ಇದೆ, ಲಗೇಜನ್ನು ಮುಂದಿನ ಊರಿನ ಲಾಡ್ಜಿಗೆ ತಲುಪಿಸುವವರೂ ಇದ್ದಾರೆ. ಬ್ಯಾಟರಿ ಸೈಕಲ್‌ನ ಬ್ಯಾಟರಿಯನ್ನಂತೂ ವಿಮಾನದಲ್ಲಿ ಬಿಡಲ್ಲ. ಮೊಣಕಾಲು ನೋವು ಇದ್ದರೆ ಅಲ್ಲೇ ಬ್ಯಾಟರಿಯದ್ದು ತಗೊಳ್ಳಿ. ಇಲ್ಲದಿದ್ದರೆ ಸುಮ್ನೆ ಭಾರ, ರೈಲಿಗೆ ಹತ್ತಿಸುವಾಗ ಗೊತ್ತಾಗುತ್ತೆ. ದೂರದ ರೈಲುಗಳಲ್ಲಿ ಸೈಕಲ್‌ಗೂ ಮುಂಚೆ ಜಾಗ ಕಾದಿರಿಸಬೇಕು, ಮರೀಬೇಡಿ.

ಬಾಡಿಗೆ ಸೈಕಲ್ ಹತ್ತುವ ಮುಂಚೆ ಒಂದು ಕೇಳಿ: ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತಾ ಅಂತ. ಅಲ್ಲಿನ ಎಷ್ಟೋ ಸೈಕಲ್ಲುಗಳು ಹಾಗೇ ಇವೆ. ನಮಗೆಲ್ಲ ಸುಮ್ನೆ ಪೆಡಲ್ ಹಿಂದಕ್ಕೆ ತಿರುಗಿಸುವ ಚಾಳಿ. ನಾನು ಮೊದಲ ಅರ್ಧ ಗಂಟೆಯಲ್ಲೇ ಪಸಾವ್ ಪೇಟೆಯ ಕಲ್ಲುಹಾಸಿನ ಮೇಲೆ ಹಾಗೆ ತಿರುಗಿಸಿ ಗಕ್ಕನೆ ನಿಂತು ಪಕ್ಕಕ್ಕೆ ಬಿದ್ದೆ. ಮೊಣಕೈ ತರಚಿತು. ಬಿದ್ದದ್ದು ಪುರಸಭೆ ಕಟ್ಟಡದ ಹತ್ತಿರ, ಎದ್ದು ಗೋಡೆ ನೋಡಿದರೆ ಪ್ರವಾಹದ ಗುರುತುಗಳು. 2013ರ ಜೂನ್‌ನಲ್ಲಿ ನೀರು 12.89 ಮೀಟರ್ ಮುಟ್ಟಿತ್ತಂತೆ, 1501ರ ನಂತರ ಅಷ್ಟು ಬಂದಿರಲಿಲ್ಲ. ಆ ಗೆರೆ ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ಮೊಣಕೈ ನೋವು ಸ್ವಲ್ಪ ಹೊತ್ತು ಮರೆತೇಹೋಯಿತು.

ಪ್ರ: ನಾನು ಮಂಡ್ಯ ಕಡೆಯವನು. ಚಿಕ್ಕವನಿದ್ದಾಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೇ ಸೈಕಲ್‌ನಲ್ಲಿ ಸ್ಕೂಲಿಗೆ ಹೋಗ್ತಿದ್ದೆ. ಅದೂ ಸಪಾಟು, ಪಕ್ಕದಲ್ಲಿ ನೀರು, ಗದ್ದೆ. ಇದಕ್ಕೋಸ್ಕರ ಯುರೋಪಿಗೆ ಹೋಗಬೇಕಾ ಗುರುಗಳೇ?

ಉ: ಬೇಕಾಗಿಲ್ಲ! ನಿಮ್ಮ ನಾಲೆ ಏರಿ ಮತ್ತು ಅವರ ಏರಿ ರಸ್ತೆ ಎರಡೂ ನೀರು ನೋಡಿಕೊಳ್ಳುವವರು ಓಡಾಡೋಕೆ ಮಾಡಿದ್ದು, ಹಾಗಾಗಿ ಒಂದೇ ಜಾತಿ. ನಾಲೆಯ ನೀರು ಕೊರೆಯದ ಹಾಗೆ ನಿಧಾನಕ್ಕೆ ಹರಿಯಬೇಕು ಅಂತ ಇಂಜಿನಿಯರುಗಳು ಇಳಿಜಾರನ್ನು ಎಳ್ಳಷ್ಟೇ ಇಡ್ತಾರೆ, ಗುಡ್ಡ ಬಂದರೆ ಹತ್ತದೆ ಬಳಸಿಕೊಂಡು ಹೋಗ್ತಾರೆ. ಅದಕ್ಕೇ ನೀರುಗಂಟಿ ಹಳೇ ಸೈಕಲ್‌ನಲ್ಲಿ ಗುದ್ದಲಿ ಕಟ್ಟಿಕೊಂಡು ದಣಿಯದೆ ಹೋಗ್ತಿದ್ದದ್ದು. ನಿಮ್ಮ ವಿ.ಸಿ. ನಾಲೆಗೆ ಇರ್ವಿನ್ ನಾಲೆ ಅಂತ ಹೆಸರಿದ್ದ ಕಾಲದಲ್ಲೇ ಹುಲಿಕೆರೆ ಹತ್ತಿರ ಗುಡ್ಡ ಬಳಸೋಕೆ ಆಗದೆ ಸುರಂಗ ಕೊರೆದರು, ಅಲ್ಲಿ ನಿಮ್ಮ ಏರಿ ದಾರಿಯೂ ತಪ್ಪುತ್ತೆ ಅಲ್ವಾ.

ಆದರೆ ಮನೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಎಚ್ಚರ. ಬಹಳ ಕಡೆ ತಡೆಗೋಡೆ ಇಲ್ಲ, ನೀರು ಬಿಟ್ಟಾಗ ಸೆಳೆತ ಜೋರು. ಕಬ್ಬು ಕಡಿಯುವ ಕಾಲದಲ್ಲಿ ಲೋಡಾದ ಟ್ರ್ಯಾಕ್ಟರ್ ಎದುರಾದರೆ ಸೈಕಲ್ ಇಳಿದು ಗದ್ದೆ ಬದಿಗೇ ಸರಿಯಿರಿ, ನೀರಿನ ಬದಿಗಲ್ಲ. ಭತ್ತದ ಪೈರು ಹಸಿರಿರುವಾಗ ಬೆಳಿಗ್ಗೆ ಆರಕ್ಕೆ ಹೊರಟು ಒಂಬತ್ತರೊಳಗೆ ಮನೆ ಸೇರುವುದು ಒಳ್ಳೇದು.

ಪಂಪು, ಎರಡು ಟ್ಯೂಬು ಮರೀಬೇಡಿ. ಡ್ಯಾನ್ಯೂಬ್ ದಂಡೆಯಲ್ಲಿ ಏಳು ದಿನಕ್ಕೆ ನನಗೆ ಒಂದೂ ಪಂಕ್ಚರ್ ಆಗಲಿಲ್ಲ, ನಮ್ಮ ಕಡೆ ನಾಲೆ ಏರಿಯಲ್ಲಿ ಎರಡು ಗಂಟೆಯೊಳಗೆ ಎರಡಾಯಿತು. ಜಾಲಿ ಮುಳ್ಳು.