ಕೆಜಿಎಫ್‌ನ ಆ ಜೋಡಿ ಹೂದಾನಿ ಈಗಲೇ ಕೊಡಬೇಡಿ

ತಾತನ ಕಾಲದ ಪಿಂಗಾಣಿಯ ಜೋಡಿ ಹೂದಾನಿ, ತಳದಲ್ಲಿ ‘ನಿಪ್ಪಾನ್’ ಮುದ್ರೆ, ಕೋಲಾರದ ಅಂಗಡಿಯವರು ಎರಡು ಸಾವಿರ ಕೊಡ್ತಾರಂತೆ, ಕೊಡಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ.

ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅನ್ನುವ ನಿಯಮ 1891ರಲ್ಲಿ ಬಂತು. ಜಪಾನಿನವರು ತಮ್ಮ ಭಾಷೆಯಲ್ಲಿ ದೇಶದ ಹೆಸರಾದ ‘ನಿಪ್ಪಾನ್’ ಅಂತ ಹಾಕುತ್ತಿದ್ದರು. 1921ರಿಂದ ‘ಜಪಾನ್’ ಅಂತಲೇ ಹಾಕಬೇಕಾಯಿತು. ಮುದ್ರೆ ಅಸಲಿಯಾದರೆ ನಿಮ್ಮದಕ್ಕೆ ನೂರು ವರ್ಷ ದಾಟಿದೆ. ಆದರೆ ಇದೇ ಮುದ್ರೆಯ ನಕಲಿ ಮಾಲೂ ಇದೆ, ಅದೊಂದನ್ನೇ ನಂಬಬೇಡಿ.

ಬಾಯಿಯ ಅಂಚಿನ ಸುತ್ತ ಉಗುರು ಆಡಿಸಿ, ಚಕ್ಕೆ ಎದ್ದಿದ್ದರೆ ತಡೆಯುತ್ತದೆ. ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ಟಿಣ್ ಅನ್ನುತ್ತದೆ, ಬಿರುಕಿದ್ದರೆ ಸದ್ದು ಮಂಕು. ಒಳಗೆ ಮೊಬೈಲ್ ಟಾರ್ಚ್ ಬಿಟ್ಟರೆ ಕೂದಲೆಳೆಯಂಥ ಬಿರುಕೂ ಕಾಣುತ್ತದೆ. ದಯವಿಟ್ಟು ಹುಣಸೆಹಣ್ಣು, ಸ್ಕ್ರಬ್ಬರ್ ಹಾಕಿ ತಿಕ್ಕಬೇಡಿ! ಚಿನ್ನದ ಗೆರೆ ಹೊಳಪಿನ ಮೇಲ್ಪದರದ ಮೇಲಿರುತ್ತದೆ, ಸವೆದು ಹೋಗುತ್ತದೆ. ಅದು ಹೋದರೆ ಬೆಲೆಯೂ ಹೋಯಿತು.

ಆನ್‌ಲೈನ್‌ನಲ್ಲಿ ಜನ ಕೇಳುವ ಬೆಲೆ ಬಿಡಿ, ನಿಜವಾಗಿ ಮಾರಾಟ ಆದ ಬೆಲೆ ನೋಡಿ. ಜೋಡಿ ಬೇರೆ ಮಾಡಬೇಡಿ, ಒಟ್ಟಿಗಿದ್ದರೆ ಜಾಸ್ತಿ ಸಿಗುತ್ತದೆ. ಇನ್ನೊಂದು ಮುಖ್ಯ ವಿಷಯ: 1972ರ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ನಾವು ವಿದೇಶಕ್ಕೆ ಮಾರುವಂತಿಲ್ಲ, ಅದರ ವ್ಯಾಪಾರಿಗೆ ಲೈಸೆನ್ಸ್ ಬೇಕು. ಬೆಂಗಳೂರಿನಲ್ಲಿ ಲೈಸೆನ್ಸ್ ಇರುವ ಒಬ್ಬಿಬ್ಬರಿಗೆ ಫೋಟೋ ಕಳಿಸಿ ಕೇಳಿ. ತಳದ ಫೋಟೋ ಮರೆಯಬೇಡಿ.