ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ದೋಣಿ ನೀರಿಗಿಳಿಯುವ ದಿನ

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಮತ್ತು ಅಳಿಯಂದಿರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಮೀಪ ವಾಸವಾಗಿದ್ದಾರೆ. ಅಲ್ಲಿನ ನಾಲೆಗಳಲ್ಲಿ ಓಡಾಡುವ, ಒಳಗೇ ಅಡುಗೆಮನೆ ಮತ್ತು ಮಲಗುವ ಕೋಣೆ ಇರುವ 57 ಅಡಿ ಉದ್ದದ ಉಕ್ಕಿನ ದೋಣಿಯೊಂದನ್ನು ಕಟ್ಟಿಸಿದ್ದಾರೆ. ಮುಂದಿನ ತಿಂಗಳು ಅದನ್ನು ಮೊದಲ ಬಾರಿಗೆ ನೀರಿಗಿಳಿಸುತ್ತಾರಂತೆ. ಆ ಹೊತ್ತಿಗೆ ನಾವಿಬ್ಬರೂ ಅಲ್ಲಿರುತ್ತೇವೆ. ಹದಿನೈದು ಟನ್ ಕಬ್ಬಿಣ ಮುಳುಗದೆ ನಿಂತೀತೇ ಎಂಬ ಭಯ ನಮ್ಮ ಮನೆಯವರದು. ತೆಂಗಿನಕಾಯಿ ಒಡೆದು ಪೂಜೆ ಮಾಡಬಹುದೇ ಎಂಬುದು ನನ್ನ ಪ್ರಶ್ನೆ. ಆ ದಿನ ನಾವು ಏನನ್ನು ಗಮನಿಸಬೇಕು? (ಓದುಗರು, ಮದ್ದೂರು)

ಉತ್ತರ: ಮೊದಲು ಮನೆಯವರ ಭಯವನ್ನು ಲೆಕ್ಕದಿಂದಲೇ ಕಳೆಯೋಣ. ಯಾವುದೇ ದೋಣಿ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿದ ಮೇಲೆ ಮತ್ತೆ ಕೆಳಗಿಳಿಯುವುದಿಲ್ಲ. ತಾವು ಹೇಳಿದ ಅಳತೆಯ ದೋಣಿಯ ಉದ್ದ ಹದಿನೇಳು ಮೀಟರಿಗೆ ಸ್ವಲ್ಪ ಹೆಚ್ಚು, ಅಗಲ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಎರಡೂ ತುದಿಗಳು ಚೂಪಾಗುವುದನ್ನು ಕಳೆದರೂ ತಳದ ವಿಸ್ತೀರ್ಣ ಸುಮಾರು 33 ಚದರ ಮೀಟರ್ ಉಳಿಯುತ್ತದೆ. ಒಂದು ಟನ್ ನೀರೆಂದರೆ ಒಂದು ಘನ ಮೀಟರ್. ಆದ್ದರಿಂದ ದೋಣಿಯಲ್ಲಿ ಒಂದು ಟನ್ ಭಾರ ಹೆಚ್ಚಿದರೆ ಅದು ಮೂರು ಸೆಂಟಿಮೀಟರ್, ಅಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು, ಕೆಳಗಿಳಿಯುತ್ತದೆ. ಹದಿನೈದು ಟನ್ನಿಗೆ ಒಂದೂವರೆ ಅಡಿ. ಕಬ್ಬು ಹೇರಿದ ಲಾರಿಯಷ್ಟು ತೂಗುವ ವಸ್ತು ಮೊಣಕಾಲುದ್ದದ ನೀರಿನಲ್ಲಿ ತೇಲುತ್ತದೆ ಎಂದು ಮನೆಯವರಿಗೆ ಹೇಳಿ, ನಂಬುತ್ತಾರೋ ಇಲ್ಲವೋ ನೋಡಿ.

ಈ ದೋಣಿಗಳು ಅಷ್ಟು ಕಿರಿದಾಗಿರುವುದಕ್ಕೆ ಕಾರಣ ಹದಿನೆಂಟನೆಯ ಶತಮಾನದ್ದು. ಜೇಮ್ಸ್ ಬ್ರಿಂಡ್ಲಿ ಮೊದಲಾದ ಎಂಜಿನಿಯರುಗಳು ಇಂಗ್ಲೆಂಡಿನ ಮಧ್ಯಭಾಗದಲ್ಲಿ ನಾಲೆಗಳನ್ನು ತೋಡಿಸಿದಾಗ, ದೋಣಿಗಳನ್ನು ಏರಿಸಿ ಇಳಿಸುವ ಲಾಕುಗಳನ್ನು, ಎಂದರೆ ಎರಡು ಬಾಗಿಲುಗಳ ನಡುವಿನ ನೀರಿನ ತೊಟ್ಟಿಗಳನ್ನು, ಸುಮಾರು ಏಳು ಅಡಿ ಅಗಲಕ್ಕೆ ಕಟ್ಟಿಸಿದರು. ಇಂದಿಗೂ ದೋಣಿಯ ಅಗಲ ಆರು ಅಡಿ ಹತ್ತು ಅಂಗುಲವನ್ನು ದಾಟುವಂತಿಲ್ಲ. ತಮ್ಮ ಅಳಿಯಂದಿರು 57 ಅಡಿಯನ್ನೇ ಆರಿಸಿಕೊಂಡಿರುವುದರ ಹಿಂದೆಯೂ ವಿವೇಕವಿದೆ. ಉತ್ತರ ಭಾಗದ ಕಾಲ್ಡರ್ ಅಂಡ್ ಹೆಬಲ್ ನಾಲೆಯ ಲಾಕುಗಳು ಗಿಡ್ಡವಾಗಿದ್ದು, ಅದಕ್ಕಿಂತ ಹೆಚ್ಚು ಉದ್ದದ ದೋಣಿ ಅಲ್ಲಿ ತಿಣುಕುತ್ತದೆ.

ಇನ್ನು ಆ ದಿನದ ವಿಚಾರ. ಸಾಮಾನ್ಯವಾಗಿ ಕ್ರೇನಿನ ಎರಡು ಅಗಲವಾದ ಪಟ್ಟಿಗಳನ್ನು ದೋಣಿಯ ಹೊಟ್ಟೆಯಡಿ ಹಾಯಿಸಿ, ಎತ್ತಿ, ನೀರಿನ ಮೇಲೆ ಇಳಿಸುತ್ತಾರೆ. ಕೆಲವೆಡೆ ಇಳಿಜಾರಿನ ಮೇಲೆ ತಳ್ಳುಗಾಡಿಯಲ್ಲಿಟ್ಟು ಜಾರಿಸುವುದೂ ಉಂಟು. ದೋಣಿ ನೀರು ಮುಟ್ಟಿದೊಡನೆ ದಡದಲ್ಲಿರುವವರೆಲ್ಲ ಚಪ್ಪಾಳೆ ತಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ. ತಾವು ತಮ್ಮ ಅಳಿಯಂದಿರಿಗೆ ಹೇಳಬೇಕಾದ ಮಾತು ಒಂದೇ: ಆ ಹತ್ತು ನಿಮಿಷ ಅವರು ದಡದಲ್ಲಿರಬಾರದು, ಟಾರ್ಚ್ ಹಿಡಿದು ದೋಣಿಯ ಒಳಗಿರಬೇಕು. ಪಟ್ಟಿಗಳು ಸಡಿಲವಾದರೂ ಹೊಟ್ಟೆಯಡಿಯಲ್ಲೇ ಇರಲಿ, ಕ್ರೇನಿನ ಚಾಲಕ ಅವಸರಪಡಿಸಿದರೂ ಒಳಗಿನಿಂದ ಸರಿ ಎಂಬ ಮಾತು ಬರುವವರೆಗೆ ಅವನ್ನು ಕಳಚಬಾರದು.

ಟಾರ್ಚ್ ಮೊದಲು ಬೀಳಬೇಕಾದ ಜಾಗ ದೋಣಿಯ ಹಿಂಭಾಗ. ಎಂಜಿನ್ನಿನಿಂದ ಹೊರಟ ಶಾಫ್ಟ್ ಉಕ್ಕನ್ನು ತೂರಿ ನೀರಿಗೆ ಹೋಗಿ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ತಿರುಗುವ ಕಂಬಿಯ ಸುತ್ತ ನೀರು ಒಳಗೆ ಬಾರದಂತೆ ಗ್ರೀಸ್ ತುಂಬಿದ ಹುರಿಯನ್ನು ಒತ್ತಿ ಬಿಗಿದಿರುತ್ತಾರೆ, ಅದಕ್ಕೆ ಗ್ಲ್ಯಾಂಡ್ ಎನ್ನುತ್ತಾರೆ. ಶಾಫ್ಟ್ ತಿರುಗುವಾಗ ಅಲ್ಲಿಂದ ಆಗೊಂದು ಈಗೊಂದು ಹನಿ ತೊಟ್ಟಿಕ್ಕಿದರೆ ಗಾಬರಿಪಡಬೇಕಾಗಿಲ್ಲ, ಹಳೆಯ ಮಾದರಿಯ ಗ್ಲ್ಯಾಂಡಿಗೆ ಆ ಹನಿಯೇ ತಂಪು. ಹನಿ ಧಾರೆಯಾದರೆ ಮಾತ್ರ ನಟ್ಟುಗಳನ್ನು ಸಮನಾಗಿ ಬಿಗಿಯಬೇಕು. ಅದರ ಮೇಲ್ಗಡೆಯೇ ಒಂದು ಮುಚ್ಚಳವಿರುತ್ತದೆ. ಪ್ರೊಪೆಲ್ಲರಿಗೆ ಸುತ್ತಿಕೊಂಡ ಕಳೆ, ಹಗ್ಗ, ಪ್ಲಾಸ್ಟಿಕ್ ಚೀಲಗಳನ್ನು ಕೈ ಹಾಕಿ ಬಿಡಿಸಲು ಮಾಡಿದ ಬಾಯಿ ಅದು. ಆ ಮುಚ್ಚಳವನ್ನು ಸರಿಯಾಗಿ ಬಿಗಿಯದೆ ಎಂಜಿನ್ ಓಡಿಸಿ ದೋಣಿ ಮುಳುಗಿಸಿಕೊಂಡವರು ಇದ್ದಾರೆ, ಏಕೆಂದರೆ ಪ್ರೊಪೆಲ್ಲರ್ ಚಿಮ್ಮಿಸುವ ನೀರು ನೇರವಾಗಿ ಅಲ್ಲಿಗೇ ಏರುತ್ತದೆ.

ಅನಂತರ ಪಾತ್ರೆ ತೊಳೆಯುವ ಮತ್ತು ಸ್ನಾನದ ನೀರು ಹೊರಹೋಗುವ ರಂಧ್ರಗಳು. ಇವು ನೀರಿನ ಮಟ್ಟಕ್ಕಿಂತ ಕಾಲು ಮೀಟರಿನಷ್ಟು ಮೇಲಿರಬೇಕು. ದೋಣಿ ಒಂದು ಪಕ್ಕಕ್ಕೆ ವಾಲಿ ತೇಲಿದರೆ ಆ ಪಕ್ಕದ ರಂಧ್ರ ನೀರಿಗೆ ಹತ್ತಿರವಾಗುತ್ತದೆ ಎಂಬುದನ್ನು ಮರೆಯಬಾರದು. ಹೊಸ ದೋಣಿ ಮೊದಲ ದಿನ ಅಷ್ಟಿಷ್ಟು ವಾಲುವುದು ಸಹಜ. ಒಂದು ಕಡೆ ಒಲೆ, ಇನ್ನೊಂದು ಕಡೆ ಬ್ಯಾಟರಿಗಳು, ಮುಂಭಾಗದಲ್ಲಿ ಖಾಲಿ ನೀರಿನ ಟ್ಯಾಂಕು, ಹೀಗೆ ತೂಕ ಏರುಪೇರಾಗಿ ಹಂಚಿಹೋಗಿರುತ್ತದೆ. ಅದನ್ನು ಸರಿಪಡಿಸಲು ನೆಲದಡಿಯಲ್ಲಿ ಇಟ್ಟಿಗೆ, ಕಾಂಕ್ರೀಟ್ ಬಿಲ್ಲೆ ಅಥವಾ ಉಕ್ಕಿನ ತುಂಡುಗಳನ್ನು ಜೋಡಿಸುತ್ತಾರೆ. ನೀರಿನ ಟ್ಯಾಂಕಿನಲ್ಲಿ 500 ಲೀಟರ್ ತುಂಬಿದರೆ ಮೂತಿಯ ಮೇಲೆ ಅರ್ಧ ಟನ್ ಕುಳಿತಂತೆಯೇ ಆಯಿತು. ಆದ್ದರಿಂದ ಟ್ಯಾಂಕು ತುಂಬಿದ ಮೇಲೆಯೇ ಈ ಜೋಡಣೆಯನ್ನು ಅಂತಿಮಗೊಳಿಸುವುದು ಜಾಣತನ. ಮೂತಿ ತುಸು ಮೇಲೆ, ಪ್ರೊಪೆಲ್ಲರ್ ಪೂರ್ತಿ ನೀರಿನಲ್ಲಿ ಮುಳುಗುವಂತೆ ಹಿಂಭಾಗ ತುಸು ಕೆಳಗೆ ಇರಬೇಕು. ಇಟ್ಟಿಗೆಗಳನ್ನು ಬರಿಯ ಉಕ್ಕಿನ ಮೇಲೆ ಒತ್ತಾಗಿ ಇಡದೆ ಗಾಳಿಯಾಡುವಷ್ಟು ಸಂದು ಬಿಡಲಿ. ನೀರು ಅಲ್ಲೇ ನಿಂತರೆ ದೋಣಿ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗಿನ ಡಾಂಬರು ಬಣ್ಣ ಅದನ್ನು ತಡೆಯಲಾರದು. ಹೊರಮೈಗೆ ಮೆಗ್ನೀಷಿಯಮ್ ಗಟ್ಟಿಗಳನ್ನು ಬೆಸೆದಿದ್ದಾರೆಯೇ ಎಂದು ದೋಣಿ ಇನ್ನೂ ನೆಲದ ಮೇಲಿರುವಾಗಲೇ ನೋಡಿಬಿಡಿ. ಸಿಹಿನೀರಿನಲ್ಲಿ ಉಕ್ಕಿನ ಬದಲು ಆ ಗಟ್ಟಿಗಳು ಸವೆಯುತ್ತವೆ. ಅವುಗಳ ಮೇಲೆ ಯಾರೋ ಅಂದಕ್ಕೆಂದು ಬಣ್ಣ ಬಳಿದಿದ್ದರೆ ಅವು ಕೆಲಸಕ್ಕೆ ಬಾರವು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮಂಡ್ಯ ಸೀಮೆಯ ಕೆರೆಯೊಂದರಲ್ಲಿ ಮೀನು ಸಾಕಣೆಗೆಂದು ತಂದ ಫೈಬರ್ ದೋಣಿಯ ಪೂಜೆಗೆ ನಾನೂ ಹೋಗಿದ್ದೆ. ಹೂವಿನ ಹಾರ, ಕರ್ಪೂರ, ಈಡುಗಾಯಿ ಎಲ್ಲವೂ ಕ್ರಮವಾಗಿ ನಡೆದು ದೋಣಿ ನೀರಿಗಿಳಿಯಿತು. ಐದು ನಿಮಿಷದಲ್ಲಿ ಕುಳಿತವರ ಪಾದ ಒದ್ದೆಯಾಯಿತು. ಮಳೆನೀರು ಬಸಿಯಲೆಂದು ದೋಣಿಯ ಹಿಂಬದಿಯಲ್ಲಿ ಬಿಟ್ಟಿದ್ದ ತೂತಿನ ಬಿರಡೆ, ದೋಣಿಯ ಯಜಮಾನರ ಅಂಗಿಯ ಜೇಬಿನಲ್ಲಿ, ಮಂಗಳಾರತಿಗೆ ತಂದ ಚಿಲ್ಲರೆಯ ಜೊತೆ ಇತ್ತು.

ಪೂಜೆಯನ್ನು ಧಾರಾಳವಾಗಿ ಮಾಡಿ. ಅಲ್ಲಿಯವರು ಮೂತಿಗೆ ಮದ್ಯದ ಸೀಸೆ ಒಡೆಯುತ್ತಾರೆ, ನಾವು ಕಾಯಿ ಒಡೆಯುತ್ತೇವೆ, ನೀರಿಗಿಳಿಯುವ ಮುಂಚೆ ಗಂಗೆಗೆ ಕೈಮುಗಿಯುವ ಮನಸ್ಸು ಎರಡೂ ಕಡೆ ಒಂದೇ. ಆದರೆ ಕಾಯನ್ನು ದೋಣಿಯ ಮೂತಿಗೆ ಹೊಡೆಯಬೇಡಿ, ದಡದ ಕಲ್ಲಿಗೆ ಒಡೆಯಿರಿ, ಹೊಸ ಬಣ್ಣ ಉಳಿಯುತ್ತದೆ. ಕುಂಕುಮವನ್ನು ಬಣ್ಣದ ಮೇಲೆ ನೇರವಾಗಿ ಇಡುವ ಬದಲು ಒಂದು ಹಾಳೆ ಅಂಟಿಸಿ ಇಡಬಹುದು. ಹಾರವನ್ನು ನಾಲೆಗೆ ಬಿಡಲೇಬೇಡಿ. ನೈಲಾನ್ ದಾರದಲ್ಲಿ ಕಟ್ಟಿದ ಹೂಮಾಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ, ಮೊದಲ ದಿನವೇ ಅಳಿಯಂದಿರು ಆ ಮುಚ್ಚಳ ತೆಗೆದು ತಣ್ಣೀರಿಗೆ ಕೈ ಹಾಕಬೇಕಾಗುತ್ತದೆ. ಕರ್ಪೂರವನ್ನು ದೋಣಿಯ ಮೇಲೆ ಹಚ್ಚದೆ ದಡದಲ್ಲೇ ಹಚ್ಚಿ, ದೋಣಿಯಲ್ಲಿ ಡೀಸೆಲ್ ಮತ್ತು ಅಡುಗೆ ಅನಿಲ ಎರಡೂ ಇರುತ್ತವೆ.

ಕಾಗದಪತ್ರಗಳ ಬಗ್ಗೆ ಎರಡೇ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ನಾಲೆಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಅಲ್ಲಿಂದ ಪರವಾನಗಿ, ಜೊತೆಗೆ ವಿಮೆ, ಮತ್ತು ಕಟ್ಟಿದವರಿಂದ ದೋಣಿ ನಿಯಮಗಳಿಗೆ ಅನುಗುಣವಾಗಿದೆ ಎಂಬ ಘೋಷಣಾ ಪತ್ರ, ಇವಿಷ್ಟು ನೀರಿಗಿಳಿಯುವ ಮುಂಚೆ ಕೈಯಲ್ಲಿರಲಿ.

ಪ್ರಶ್ನೆ: ಸಂಗಮದ ಬಳಿ ಬಳಸಲು ಹೊಸ ಹರಿಗೋಲು ಮಾಡಿಸಿದ್ದೇವೆ. ಅಡ್ಡಗಲ ಎರಡು ಮೀಟರ್. ಮೊದಲ ಸಲ ಇಳಿಸುವಾಗ ಎಷ್ಟು ಜನ ಕೂರಬಹುದು? (ಓದುಗರು, ಶ್ರೀರಂಗಪಟ್ಟಣ ತಾಲ್ಲೂಕು)

ಉತ್ತರ: ಮೊದಲ ಸಲ ಒಬ್ಬರೂ ಕೂರುವುದು ಬೇಡ, ಮರಳು ಮೂಟೆಗಳು ಕೂರಲಿ. ಹಿಂದೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹೊದಿಕೆಯ ಮಡಿಕೆಗಳಲ್ಲಿ ಡಾಂಬರು ಕೂರದೆ ಉಳಿದ ಕಡೆ ನೀರು ಜಿನುಗುತ್ತದೆ. ಆದ್ದರಿಂದ ಮೊಣಕಾಲುದ್ದದ ನಿಂತ ನೀರಿನಲ್ಲಿ ಮೂಟೆಗಳನ್ನು ಅಂಚಿನ ಸುತ್ತ ಸಮನಾಗಿ ಹೇರಿ ಒಂದು ಗಂಟೆ ಬಿಟ್ಟು, ಒಳಗೆ ಒದ್ದೆಯಾದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ದಡಕ್ಕೆ ತಂದು ಬೋರಲು ಹಾಕಿ, ಒಣಗಿದ ಮೇಲೆ ಮತ್ತೆ ಬಳಿಯಿರಿ.

ಜನರ ಲೆಕ್ಕಕ್ಕೆ ಬಂದರೆ, ಎರಡು ಮೀಟರ್ ಅಡ್ಡಗಲದ ಹರಿಗೋಲಿನ ಮೇಲೆ ಸುಮಾರು 30 ಕೆ.ಜಿ. ಹೇರಿದರೆ ಅದು ಒಂದು ಸೆಂಟಿಮೀಟರ್ ಇಳಿಯುತ್ತದೆ. ತಳ ದುಂಡಗಿರುವುದರಿಂದ ಮೊದಮೊದಲು ಇನ್ನೂ ಬೇಗ ಇಳಿಯುತ್ತದೆ. ಐದು ಜನ ಕೂತರೆ ಹತ್ತು ಸೆಂಟಿಮೀಟರಿನ ಮೇಲೆ. ಈ ಲೆಕ್ಕ ನೋಡಿ ಹತ್ತು ಜನ ಹತ್ತುವ ಆಸೆ ಬರಬಹುದು, ಬೇಡ. ಹರಿಗೋಲು ಮಗುಚುವುದು ತೂಕಕ್ಕಿಂತ ಹೆಚ್ಚಾಗಿ ಒಬ್ಬರು ಎದ್ದು ನಿಂತದ್ದರಿಂದ, ಇಬ್ಬರು ಒಂದೇ ಕಡೆ ಬಾಗಿದ್ದರಿಂದ. ಅಂಬಿಗರನ್ನು ಬಿಟ್ಟು ನಾಲ್ವರು ಸಾಕು, ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲೇಬೇಕು. ಪ್ರವಾಸಿಗರನ್ನು ಕೂರಿಸುವುದಾದರೆ ಸಂಬಂಧಪಟ್ಟ ಕಚೇರಿಯ ಅನುಮತಿ ಪಡೆಯಿರಿ. ಕನ್ನಂಬಾಡಿಯಿಂದ ಹೊಳೆಗೆ ನೀರು ಬಿಡುವ ಪ್ರಕಟಣೆ ಬಂದ ದಿನ ಹರಿಗೋಲು ದಡದಲ್ಲೇ ಬೋರಲಾಗಿರಲಿ.

ಪ್ರಶ್ನೆ: ಕೇರಳದಲ್ಲಿರುವ ನನ್ನ ತಮ್ಮ ಹೊಸ ಮರದ ದೋಣಿ ಕೊಂಡ. ಇಳಿಸಿದ ದಿನವೇ ಹಲಗೆಗಳ ಸಂದಿನಿಂದ ನೀರು ಬಂತು. ಮಾರಿದವರು ಮೋಸ ಮಾಡಿದರೇ? (ಓದುಗರು, ಮೈಸೂರು)

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲಾಗದು. ಹಲಗೆ ಜೋಡಿಸಿದ ಮರದ ದೋಣಿ ನೀರು ಕುಡಿದು ಉಬ್ಬಿದ ಮೇಲೆಯೇ ಸಂದು ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಗುದ್ದಲಿಯ ಕಾವು ಸಡಿಲವಾದಾಗ ರಾತ್ರಿಯೆಲ್ಲ ನೀರಿನಲ್ಲಿ ಅದ್ದಿಡುವುದು ಇದೇ ಕಾರಣಕ್ಕೆ. ಆಳವಿಲ್ಲದ ಕಡೆ ಕಟ್ಟಿಹಾಕಿ, ನೀರು ಎತ್ತಿಚೆಲ್ಲುತ್ತಾ ಎರಡು ಮೂರು ದಿನ ನೋಡಲಿ. ಅಷ್ಟಾದರೂ ಜಿನುಗು ಕಡಿಮೆಯಾಗದಿದ್ದರೆ ಮಾರಿದವರನ್ನು ಕರೆಸಲಿ.

ಪ್ರಶ್ನೆ: ನಾವು ನಾಲ್ವರು ವಿದ್ಯಾರ್ಥಿಗಳು ಪ್ಲಾಸ್ಟಿಕ್ ಡ್ರಮ್ಮುಗಳಿಂದ ಒಂದು ದೋಣಿ ಕಟ್ಟಿದ್ದೇವೆ. ಇಂಗ್ಲೆಂಡಿನಲ್ಲಿ ನಾಲೆಯಲ್ಲೇ ದೋಣಿ ಓಡುವಾಗ ನಮ್ಮ ವಿ.ಸಿ. ನಾಲೆಯಲ್ಲಿ ಏಕೆ ಓಡಬಾರದು? (ಓದುಗರು, ಪಾಂಡವಪುರ)

ಉತ್ತರ: ಎರಡಕ್ಕೂ ನಾವು ನಾಲೆ ಎಂದೇ ಕರೆದರೂ ಅವುಗಳ ಕೆಲಸ ಬೇರೆ. ಇಂಗ್ಲೆಂಡಿನ ನಾಲೆಯನ್ನು ದೋಣಿಗಾಗಿಯೇ ತೋಡಿದ್ದು, ಅದು ಲಾಕಿನಿಂದ ಲಾಕಿನವರೆಗೆ ಕೆರೆಯಂತೆ ಸಮತಟ್ಟಾಗಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಒಮ್ಮೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ನಮ್ಮ ವಿಶ್ವೇಶ್ವರಯ್ಯ ನಾಲೆ ಗದ್ದೆಗೆ ನೀರು ಮುಟ್ಟಿಸಲು ಇಳಿಜಾರಾಗಿ ಹರಿಯಲೇಬೇಕು. ಅದರಲ್ಲಿ ಲಾಕುಗಳಿಲ್ಲ, ತೂಬುಗಳಿವೆ, ತಗ್ಗು ಸೇತುವೆಗಳಿವೆ, ಹುಲಿಕೆರೆಯಲ್ಲಿ ಸುರಂಗವೇ ಇದೆ, ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ನಿಂತಾಗ ದೋಣಿ ಕೆಸರಿನ ಮೇಲೆ ಕೂರುತ್ತದೆ. ನೀರಾವರಿ ಮತ್ತು ದೋಣಿ ಸಂಚಾರ ಎರಡಕ್ಕೂ ಒದಗುವ ನಾಲೆ ಸಾಧ್ಯವೇ ಇಲ್ಲ ಎಂದಲ್ಲ, ಗೋದಾವರಿಯ ಮುಖಜ ಭೂಮಿಯಲ್ಲಿ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಲಾಕುಗಳಿರುವ ಅಂಥ ನಾಲೆಗಳನ್ನೇ ಮಾಡಿಸಿದರು. ಅಲ್ಲಿನ ನೆಲ ಸಮತಟ್ಟು, ನಮ್ಮದು ಹಾಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾಲೆಯ ಕಲ್ಲು ಕಟ್ಟಡದ ಪಕ್ಕಗಳು ಇಳಿಜಾರಾಗಿ, ಪಾಚಿ ಹಿಡಿದು ಜಾರುತ್ತವೆ, ಬಿದ್ದವರಿಗೆ ಈಜು ಬಂದರೂ ಹತ್ತಲು ಹಿಡಿತ ಸಿಗುವುದಿಲ್ಲ. ದಯವಿಟ್ಟು ಅಲ್ಲಿ ಇಳಿಸಬೇಡಿ.

ಊರಿನ ಕೆರೆಗೆ, ಪಂಚಾಯಿತಿಯವರಿಗೆ ತಿಳಿಸಿ, ಈಜು ಬಲ್ಲ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಹೋಗಿ. ಏರಿಯ ಕಡೆ ಆಳವೂ ತೂಬಿನ ಸೆಳೆತವೂ ಇರುವುದರಿಂದ ಎದುರು ದಡದಲ್ಲಿ ಇಳಿಸಿ. 200 ಲೀಟರಿನ ಡ್ರಮ್ಮೊಂದು ತನ್ನ ತೂಕ ಕಳೆದು ಇನ್ನೂರು ಕೆ.ಜಿ.ಗೆ ಸ್ವಲ್ಪ ಕಡಿಮೆ ಭಾರ ಹೊರುತ್ತದೆ, ಆದರೆ ಮುಚ್ಚಳದ ರಬ್ಬರು ಸರಿಯಿದ್ದರೆ ಮಾತ್ರ. ಯಾರೂ ಹತ್ತದೆ ಅರ್ಧ ಗಂಟೆ ತೇಲಲು ಬಿಟ್ಟು, ದಡಕ್ಕೆ ಎಳೆದು, ಒಂದೊಂದೇ ಡ್ರಮ್ಮನ್ನು ಕಿವಿಗೆ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕಿದ ಸದ್ದು ಬಂದ ಡ್ರಮ್ಮಿನ ಮುಚ್ಚಳವನ್ನು ಬದಲಿಸಿ, ಮತ್ತೆ ಅರ್ಧ ಗಂಟೆ ತೇಲಿಬಿಡಿ.