ಆಸ್ಕರ್ ಹೆದರಿದ್ನಾ, ಇಲ್ಲ ಬೇಡ ಅಂದ್ನಾ?

ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರ, ಹಾಕಲ್ಲ. ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆನೂ ಆಯ್ತು, ಯಾಕಂದ್ರೆ ತಪ್ಪು ನಮ್ದೇ. ಹೋದ ಸಂಚಿಕೆಯ ಕ್ರೀಡಾ ಪುಟದಲ್ಲಿ ಬ್ರೆಜಿಲ್‌ನ ಬಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶ್ಮಿಟ್ ಬಗ್ಗೆ ಒಂದು ಪುಟ್ಟ ಬಾಕ್ಸ್ ಹಾಕಿದ್ವಿ, ಅದ್ರಲ್ಲಿ ಅವನಿಗೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡೋ ಅವಕಾಶ ಸಿಗಲಿಲ್ಲ ಅಂತ ಒಂದು ಸಾಲು. ನೀವು ಬರೆದಿದ್ದು ಇಷ್ಟು: ಸಿಗಲಿಲ್ಲ ಅಂತ ನೀವು ಬರೀತೀರ, ದೇಶಕ್ಕೋಸ್ಕರ ಅವನೇ ಬೇಡ ಅಂದ ಅಂತ ನಾನು ಓದಿದೀನಿ, ಹೆದರಿ ಹೋಗಲಿಲ್ಲ ಅಂತ ನನ್ನ ಫ್ರೆಂಡ್ ಹಠ ಮಾಡ್ತಾನೆ, ಮಸಾಲೆ ದೋಸೆ ಬೆಟ್ ಬೇರೆ ಕಟ್ಟಿದೀವಿ, ಯಾವುದು ನಿಜ? ಜೊತೆಗೆ ಅವನು ಒಟ್ಟು ಹಾಕಿದ್ದು 49,737 ಪಾಯಿಂಟ್ ಅನ್ನೋ ನಂಬರನ್ನ ನಂಬಬಹುದಾ?

ಮೊದಲು ನಮ್ಮ ತಪ್ಪು. ಅವಕಾಶ ಸಿಕ್ಕಿತ್ತು. 1984ರ ಡ್ರಾಫ್ಟ್‌ನಲ್ಲಿ, ಅಂದ್ರೆ ಎನ್‌ಬಿಎ ಟೀಮ್‌ಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋವಾಗ, ನ್ಯೂಜೆರ್ಸಿ ನೆಟ್ಸ್ ಟೀಮ್ ಆಸ್ಕರ್‌ನ ಆರನೇ ರೌಂಡ್‌ನಲ್ಲಿ, 131ನೇ ಆಯ್ಕೆಯಾಗಿ ತಗೊಂಡಿತ್ತು. ಅದೇ ಡ್ರಾಫ್ಟ್ ರೀ, ಒಲಾಜುವಾನ್ ಮೊದಲನೆಯವನು, ಮೈಕಲ್ ಜೋರ್ಡಾನ್ ಮೂರನೆಯವನು, ಬಾರ್ಕ್ಲಿ ಐದನೆಯವನು. ಅಷ್ಟು ದೊಡ್ಡ ಹೆಸರುಗಳ ಬಾಲದಲ್ಲೆಲ್ಲೋ ನಮ್ಮ ಆಸ್ಕರ್. ಆಗ ಅವನಿಗೆ 26 ವರ್ಷ, ಹುಡುಗ ಏನಲ್ಲ. ಅವರು ಕರೆದ್ರು, ಈತ ಒಲ್ಲೆ ಅಂದ.

ಯಾಕೆ ಅಂದ್ರೆ ಆಗ ಒಂದು ವಿಚಿತ್ರ ರೂಲ್ ಇತ್ತು. ಎನ್‌ಬಿಎಯಲ್ಲಿ ಆಡಿದವನು ತನ್ನ ದೇಶದ ಟೀಮಲ್ಲಿ ಆಡೋ ಹಾಗಿಲ್ಲ, ಒಲಿಂಪಿಕ್ಸೂ ಇಲ್ಲ, ವಿಶ್ವ ಚಾಂಪಿಯನ್‌ಶಿಪ್ಪೂ ಇಲ್ಲ. ಎನ್‌ಬಿಎ ಅಂದ್ರೆ ಪ್ರೊಫೆಷನಲ್, ಉಳಿದವರೆಲ್ಲ ಅಮೆಚೂರ್ ಅನ್ನೋ ಲೆಕ್ಕ. ಮಜಾ ಏನಂದ್ರೆ ಆಸ್ಕರ್ ಆಗ ಇಟಲಿಯಲ್ಲಿ ಒಳ್ಳೆ ಸಂಬಳಕ್ಕೇ ಆಡ್ತಿದ್ದ, ಆದ್ರೂ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಪುಸ್ತಕದಲ್ಲಿ ಅವನು ಅಮೆಚೂರ್! ಇಟಲಿಯ ದುಡ್ಡು ಮಡಿ, ಅಮೆರಿಕದ ದುಡ್ಡು ಮೈಲಿಗೆ. ಈ ರೂಲನ್ನ ಫಿಬಾ ತೆಗೆದು ಹಾಕಿದ್ದು 1989ರಲ್ಲಿ, ಅಷ್ಟೊತ್ತಿಗೆ ಆಸ್ಕರ್‌ಗೆ 31. 1988ರಲ್ಲಿ ಎನ್‌ಬಿಎ ಕೋರ್ಟಿಗೆ ಇಳಿದ ಮೊದಲ ಬ್ರೆಜಿಲಿಯನ್ ಅನ್ನೋ ಹೆಸರು ಪೋರ್ಟ್‌ಲ್ಯಾಂಡ್ ಟೀಮ್ ಸೇರಿದ ರೊಲಾಂಡೊ ಫೆರೇರಾ ಪಾಲಿಗೆ ಹೋಯ್ತು.

ಹಾಗಂತ ಬರೀ ದೇಶಭಕ್ತಿ ಅಂತ ಹೂವಿನ ಹಾರ ಹಾಕೋಕೂ ನನಗೆ ಮನಸ್ಸಿಲ್ಲ. ಆರನೇ ರೌಂಡಿನ ಆಟಗಾರನಿಗೆ ಬೆಂಚಲ್ಲಿ ಜಾಗ ಸಿಕ್ಕಿದ್ರೆ ಪುಣ್ಯ. ಇಟಲಿಯ ಕಸೆರ್ತಾದಲ್ಲಿ ಅವನೇ ರಾಜ, ಬಾಲ್ ಬಂದ್ರೆ ಅವನ ಕೈಗೇ ಬರ್ಬೇಕು. ನೇಪಲ್ಸ್ ಹತ್ರದ ಊರದು, ದೊಡ್ಡ ಅರಮನೆಗೆ ಹೆಸರುವಾಸಿ. ಸರಾಯೆವೊದ ಬೊಸ್ನಾ ಕ್ಲಬ್ಬನ್ನ ಯುರೋಪ್ ಚಾಂಪಿಯನ್ ಮಾಡಿದ್ದ ಕೋಚ್ ಬೊಗ್ದಾನ್ ತಾನ್ಯೆವಿಚ್ 1982ರಲ್ಲಿ ಆ ಊರಿನ ಟೀಮಿಗೆ ಹೋದಾಗ ಆಸ್ಕರ್‌ನೂ ಅಲ್ಲಿಗೆ ಕರೆಸ್ಕೊಂಡ್ರು. ಸುಮ್ನೆ ಅಲ್ಲ, 1979ರಲ್ಲಿ ಸಾವ್ ಪಾವ್ಲೊದ ಸಿರಿಯೊ ಕ್ಲಬ್ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದಾಗ ಇದೇ ಬೊಸ್ನಾನ ಸೋಲಿಸಿತ್ತು, ಸಿರಿಯೊದಲ್ಲಿ ಆಸ್ಕರ್ ಇದ್ದ. ಎಂಟು ವರ್ಷ ಕಸೆರ್ತಾದಲ್ಲಿ ಇದ್ದ, ಮನೆಮಗ ಆಗ್ಬಿಟ್ಟ. ಅಂಥ ಜಾಗ ಬಿಟ್ಟು ಬೆಂಚ್ ಕಾಯೋಕೆ ಯಾರು ಹೋಗ್ತಾರೆ, ನೀವೇ ಹೇಳಿ.

ಇನ್ನು ನಿಮ್ಮ ಫ್ರೆಂಡ್ ಹೇಳೋ ಹೆದರಿಕೆ ವಿಷಯ. ಅವರಿಗೆ ಒಂದೇ ಒಂದು ಮ್ಯಾಚ್ ನೋಡೋಕೆ ಹೇಳಿ. 1987ರ ಆಗಸ್ಟ್ 23, ಇಂಡಿಯಾನಾಪೊಲಿಸ್‌ನ ಮಾರ್ಕೆಟ್ ಸ್ಕ್ವೇರ್ ಅರೀನಾ, ಪ್ಯಾನ್ ಅಮೆರಿಕನ್ ಗೇಮ್ಸ್ ಫೈನಲ್. ಅಮೆರಿಕದ್ದು ಕಾಲೇಜು ಹುಡುಗರ ಟೀಮ್, ಆದ್ರೆ ಎಂಥ ಹುಡುಗರು, ಡೇವಿಡ್ ರಾಬಿನ್ಸನ್, ಡ್ಯಾನಿ ಮ್ಯಾನಿಂಗ್, ರೆಕ್ಸ್ ಚಾಪ್‌ಮನ್. ಹಾಫ್ ಟೈಮಿಗೆ ಅಮೆರಿಕ 68, ಬ್ರೆಜಿಲ್ 54. ಅವರ ಮನೆ ಅಂಗಳ, ಅವರ ಜನ, 14 ಪಾಯಿಂಟ್ ಹಿಂದೆ, ಯಾರಾದ್ರೂ ಮುಗೀತು ಕಥೆ ಅಂತಾನೇ ಅನ್ಕೊಳ್ಳೋದು. ಆಮೇಲೆ ಶುರುವಾಯ್ತು ನೋಡಿ. ಆಸ್ಕರ್ ಒಂದು ಕಡೆಯಿಂದ, ಅವನ ಹಳೇ ಜೊತೆಗಾರ ಮಾರ್ಸೆಲ್ ಇನ್ನೊಂದು ಕಡೆಯಿಂದ, ಮೂರು ಪಾಯಿಂಟಿನ ಗೆರೆ ಆಚೆಯಿಂದ್ಲೇ ಎಸೀತಾ ಹೋದ್ರು, ಕೈ ಎದುರಿಗೆ ಬಂದ್ರೂ ಎಸೀತಾರೆ, ಓಡ್ತಾ ಓಡ್ತಾನೇ ಎಸೀತಾರೆ, ಕೋಚ್ ಹತ್ರ ಬೈಸ್ಕೊಳ್ಳೋ ಅಂಥ ಶಾಟ್‌ಗಳು, ಬೀಳ್ತಾನೇ ಇವೆ. ಸೆಕೆಂಡ್ ಹಾಫ್‌ನಲ್ಲಿ ಬ್ರೆಜಿಲ್ 66, ಅಮೆರಿಕ 47. ಕೊನೆಗೆ ಬ್ರೆಜಿಲ್ 120, ಅಮೆರಿಕ 115. ಆಸ್ಕರ್ 46, ಅದ್ರಲ್ಲಿ 35 ಸೆಕೆಂಡ್ ಹಾಫ್‌ನಲ್ಲೇ, ಮಾರ್ಸೆಲ್ 31. ಮುಗಿದ ತಕ್ಷಣ ಎರಡು ಮೀಟರ್ ಐದು ಸೆಂಟಿಮೀಟರ್ ಎತ್ತರದ ಈ ಮನುಷ್ಯ ನೆಲದ ಮೇಲೆ ಬಿದ್ಕೊಂಡು ಚಿಕ್ಕ ಮಗು ಥರ ಅತ್ತುಬಿಟ್ಟ.

ಈ ಸೋಲಿಂದಾನೇ ಅಮೆರಿಕ 1992ರ ಒಲಿಂಪಿಕ್ಸ್‌ಗೆ ಎನ್‌ಬಿಎ ಸ್ಟಾರ್‌ಗಳ ಡ್ರೀಮ್ ಟೀಮ್ ಕಳಿಸ್ತು ಅಂತ ತುಂಬಾ ಜನ ಬರೀತಾರೆ. ಅದು ಅರ್ಧ ಸತ್ಯ ಅನ್ಸುತ್ತೆ ನನಗೆ. 1988ರ ಸಿಯೋಲ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಸೋವಿಯತ್ ಟೀಮ್ ಕೈಲೂ ಅವರು ಸೋತಿದ್ರು, ಫಿಬಾಗೂ ದೊಡ್ಡ ಹೆಸರುಗಳು ಬೇಕಿದ್ವು. ಆ ಡ್ರೀಮ್ ಟೀಮ್ ಬಾರ್ಸಿಲೋನಾದಲ್ಲಿ ಬ್ರೆಜಿಲ್‌ನ 127-83ರಲ್ಲಿ ಹಿಂಡಿ ಹಾಕಿದ್ದೂ ನಿಜ, ಮುಚ್ಚಿಡೋದೇನು.

ಆದ್ರೆ ನಿಮ್ಮ ಫ್ರೆಂಡ್ ಪೂರ್ತಿ ತಪ್ಪು ಅಂತಾನೂ ಹೇಳಲ್ಲ. ಆಸ್ಕರ್‌ಗೆ ಡಿಫೆನ್ಸ್ ಅಂದ್ರೆ ಅಷ್ಟಕ್ಕಷ್ಟೇ, ಅದು ಅವನ ಅಭಿಮಾನಿಗಳಿಗೂ ಗೊತ್ತು. ಇನ್ನೊಂದು ಚುಚ್ಚೋ ವಿಷಯ ಇದೆ. ಎಂಟು ವರ್ಷದಲ್ಲಿ ಕಸೆರ್ತಾಗೆ 1988ರ ಇಟಾಲಿಯನ್ ಕಪ್ ಬಂತು, ಲೀಗ್ ಚಾಂಪಿಯನ್‌ಶಿಪ್ ಬರಲಿಲ್ಲ. 1990ರಲ್ಲಿ ಇವನು ಪಾವಿಯಾಗೆ ಹೋದ, ಮಾರನೇ ವರ್ಷವೇ ಜೆಂಟಿಲೆ, ಎಸ್ಪೊಸಿಟೊ ಅನ್ನೋ ಊರಿನ ಹುಡುಗರು ಸೇರ್ಕೊಂಡು ಲೀಗ್ ಗೆದ್ದುಬಿಟ್ರು! ಹೊಟ್ಟೆ ಉರಿಯಲ್ವಾ? ಒಲಿಂಪಿಕ್ಸ್ ಕಥೆನೂ ಹೀಗೇ, 1980ರಿಂದ 1996ರ ತನಕ ಐದು ಒಲಿಂಪಿಕ್ಸ್, ಒಟ್ಟು 1,093 ಪಾಯಿಂಟ್, 1988ರಲ್ಲಿ ಸ್ಪೇನ್ ಮೇಲೆ ಒಂದೇ ಮ್ಯಾಚಲ್ಲಿ 55, ಒಂದೂ ಪದಕ ಇಲ್ಲ. 1989ರಲ್ಲಿ ಅಥೆನ್ಸ್‌ನಲ್ಲಿ ಯುರೋಪಿನ ಕ್ಲಬ್ಬುಗಳ ಕಪ್ ವಿನ್ನರ್ಸ್ ಕಪ್ ಫೈನಲ್, ಇವನು 44 ಹಾಕಿದ, ಎದುರಿಗೆ ರಿಯಲ್ ಮ್ಯಾಡ್ರಿಡ್‌ನ ಡ್ರಾಜೆನ್ ಪೆಟ್ರೊವಿಚ್ 62 ಹಾಕಿದ, ಓವರ್‌ಟೈಮಲ್ಲಿ 117-113ಕ್ಕೆ ಸೋತ್ರು. ಇದನ್ನ ಹಣೆಬರಹ ಅಂತೀರೋ, ಒಬ್ಬನೇ ಎಲ್ಲಾ ಎಸೀತಾ ಕೂತ್ರೆ ಹೀಗೇ ಆಗೋದು ಅಂತೀರೋ, ನಿಮಗೆ ಬಿಟ್ಟಿದ್ದು. ನನಗಂತೂ ಎರಡೂ ಸ್ವಲ್ಪ ಸ್ವಲ್ಪ ಅನ್ಸುತ್ತೆ.

ಈಗ 49,737. ಇದು ಕ್ಲಬ್ಬುಗಳಿಗೆ ಹಾಕಿದ 42,044 ಮತ್ತೆ ಬ್ರೆಜಿಲ್‌ಗೆ ಹಾಕಿದ 7,693 ಕೂಡಿದ ಲೆಕ್ಕ, ಅಧಿಕೃತ ಅನ್ನೋ ಸೀಲ್ ಇಲ್ಲ. ಪಾಲ್ಮೇರಾಸ್, ಸಿರಿಯೊ, ಕಸೆರ್ತಾ, ಪಾವಿಯಾ, ಸ್ಪೇನ್‌ನ ವಯಾದೊಲಿದ್, ಆಮೇಲೆ ವಾಪಸ್ ಬಂದು ಕೊರಿಂಥಿಯಾನ್ಸ್, ಕೊನೆಗೆ ಫ್ಲಮೆಂಗೊ, 2003ರಲ್ಲಿ 45ನೇ ವಯಸ್ಸಿಗೆ ನಿಲ್ಲಿಸೋ ತನಕ ಎಲ್ಲಾ ಸೇರಿ. ಎನ್‌ಬಿಎ ಸ್ಟಾರ್ ಲೆಬ್ರಾನ್ ಜೇಮ್ಸ್ 2024ರ ಮಾರ್ಚ್‌ನಲ್ಲಿ 40 ಸಾವಿರ ದಾಟಿದ್ದು ಎನ್‌ಬಿಎ ರೆಗ್ಯುಲರ್ ಸೀಸನ್ ಒಂದರಲ್ಲೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ರೆ, ರಣಜಿ ರನ್ನೂ ಟೆಸ್ಟ್ ರನ್ನೂ ಕೂಡಿಸಿ ಜಗಳ ಆಡ್ದಂಗೆ ಆಗುತ್ತೆ. ನಂಬರ್ ನಂಬಿ, ಹೋಲಿಕೆ ಬಿಡಿ.

ಆದ್ರೆ ಅಷ್ಟು ವರ್ಷ ಎಸೆದಿದ್ದಾನಲ್ಲ, ಅದು ಹೇಗೆ ಅಂತ ಸ್ವಲ್ಪ ಹೇಳ್ಬೇಕು. ಬ್ರೆಜಿಲ್‌ನಲ್ಲಿ ಅವನಿಗೆ 'ಮಾವ್ ಸಾಂತಾ' ಅಂತಾರೆ, ಪವಿತ್ರ ಹಸ್ತ ಅಂತ. (ಮರಡೋನಾನ ದೇವರ ಕೈ ಬೇರೆ, ಅದು ಕಳ್ಳ ಕೈ.) ಆಸ್ಕರ್‌ಗೆ ಮಾತ್ರ ಇದು ಅಷ್ಟು ಹಿಡಿಸ್ತಿರಲಿಲ್ಲ, ಪವಿತ್ರನೂ ಇಲ್ಲ ಏನೂ ಇಲ್ಲ, ಪಳಗಿದ ಕೈ ಅಷ್ಟೇ ಅಂತಿದ್ದ. ಟೀಮಿನ ಪ್ರಾಕ್ಟೀಸ್ ಮುಗಿದು ಎಲ್ಲರೂ ಮನೆಗೆ ಹೋದ್ಮೇಲೆ ಇವನು ಉಳ್ಕೊಂಡು ನೂರಾರು ಶಾಟ್ ಎಸೀತಿದ್ದ, ಬಾಲ್ ಹೆಕ್ಕಿ ಹೆಕ್ಕಿ ವಾಪಸ್ ಕೊಡ್ತಿದ್ದಿದ್ದು ಹೆಂಡತಿ ಕ್ರಿಸ್ಟಿನಾ. 49,737ರಲ್ಲಿ ಆಯಮ್ಮನ ಪಾಲನ್ನ ಯಾರೂ ಲೆಕ್ಕ ಹಾಕಿಲ್ಲ.

2013ರಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜರನ್ನ ಗೌರವಿಸೋ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರ್ತು, ಎನ್‌ಬಿಎಯಲ್ಲಿ ಒಂದು ನಿಮಿಷನೂ ಆಡದೆ. ಆ ದಿನ ಸ್ಟೇಜ್ ಮೇಲೆ ಪಕ್ಕದಲ್ಲಿ ನಿಂತಿದ್ದು ಎನ್‌ಬಿಎ ದಿಗ್ಗಜ ಲ್ಯಾರಿ ಬರ್ಡ್.

ಬೆಟ್ ವಿಷಯ ಬಾಕಿ ಇದೆ. ನೀವು ದೇಶಭಕ್ತಿ ಅಂದ್ರಿ, ಅರ್ಧ ಸರಿ. ನಿಮ್ಮ ಫ್ರೆಂಡ್ ಹೆದರಿಕೆ ಅಂದ್ರು, ಅದು ತಪ್ಪು, ಆದ್ರೆ ಅಲ್ಲಿ ಹೋಗಿದ್ರೆ ಇವನ ಆಟ ನಡೀತಿತ್ತಾ ಅಂತ ಅವರ ಮಾತಿನ ಹಿಂದೆ ಅಡಗಿರೋದು ಸರಿಯಾದ ಪ್ರಶ್ನೆನೇ. ದೋಸೆ ಬಿಲ್ಲು ಅವರೇ ಕೊಡ್ಲಿ. ಅವಕಾಶ ಸಿಗಲಿಲ್ಲ ಅಂತ ಅಚ್ಚು ಹಾಕಿದ ತಪ್ಪಿಗೆ ಎರಡು ಕಾಫಿ ನಮ್ಮ ಲೆಕ್ಕಕ್ಕೆ, ಈ ಕಡೆ ಬಂದ್ರೆ ಆಫೀಸಿಗೆ ಬನ್ನಿ.

- ಸಂ.